ಗ್ರೆಗೋರ್ ಮೆಂಡೆಲನ ಚರಿತ್ರೆ

ಜೋಳವನ್ನು ಬಿತ್ತಿದರೆ ಜೋಳವೇ ಬೆಳೆಯುವದು, ಕಡಲೆಯನ್ನು ಬಿತ್ತಿದರೆ ಕಡಲೆಯೇ ಬರುವದು ಎಂಬದು ಒಕ್ಕಲುತನ ಮಾಡುವ ಎಲ್ಲರಿಗೂ ತಿಳಿದ ಸಂಗತಿ. ಹಾಗೆಯೇ ಮನೆಯಲ್ಲಿ ಕೂಸು ಹುಟ್ಟಿದ ಕೂಡಲೆ ನೆರೆಹೊರೆಯ ಮುದುಕಿಯರು ನೆರೆದು, ಇದರ ಮೂಗು ತಂದೆಯದು, ಕಣ್ಣು ತಾಯಿಯದು ಎಂದು ಹೇಳುವದುಂಟು. ಆದರೆ ಕೆಲವು ಸಾರಿ ಆ ಕೂಸು ತಂದೆಯನ್ನಾಗಲಿ ತಾಯಿಯನ್ನಾಗಲಿ ಹೋಲದೆ, ಎಂದೋ ತೀರಿಹೋದ ಅಜ್ಜನನ್ನು ಹೋಲುವದು. ಇದು ಹೇಗೆ? ಅಜ್ಜನ ಗುಣವು ನಡುವಿನ ತಲೆಮಾರಿನಲ್ಲಿ ಎಲ್ಲಿ ಅಡಗಿಕೊಂಡಿತ್ತು? ಈ ಪ್ರಶ್ನೆಗೆ ಬಹುಕಾಲದ ವರೆಗೆ ಪಂಡಿತರಿಗೂ ಸರಿಯಾದ ಉತ್ತರವು ದೊರಕಿರಲಿಲ್ಲ. ಉತ್ತರದ ಬಾಗಿಲನ್ನು ತೆರೆದವನು ಒಬ್ಬ ಬಡ ಒಕ್ಕಲಿಗನ ಮಗನಾದ ಗ್ರೆಗೋರ್ ಮೆಂಡೆಲನು. ರಾಮಥಾಳ, ಹುನಗುಂದ, ಇಳಕಲ್ಲು ಕಡೆಯ ಎರೆಹೊಲಗಳಲ್ಲಿ ದುಡಿದು ಜೀವಿಸುವ ನಮ್ಮ ಸಭೆಗಳವರಿಗೆ ಅವನ ಚರಿತ್ರೆಯು ಎರಡು ಕಾರಣಗಳಿಂದ ಪ್ರಯೋಜನಕರವಾಗಿದೆ. ನಾವು ಬಿತ್ತುವ ಬೀಜದ ಗುಟ್ಟನ್ನು ಅವನು ಬಿಡಿಸಿದನು. ಅದಲ್ಲದೆ, ನಮ್ಮ ಮನೆಗಳಲ್ಲಿ ತಾಯಂದಿರ ಮೇಲೆ ಹೊರಿಸಲ್ಪಡುವ ಒಂದು ಸುಳ್ಳು ಅಪವಾದವು ಅವನ ಕೆಲಸದಿಂದ ಬಿದ್ದುಹೋಯಿತು.

೧. ಬಾಲ್ಯವೂ ಬಡತನವೂ

ಮೆಂಡೆಲನು ೧೮೨೨ನೆಯ ಇಸವಿಯ ಜುಲೈ ತಿಂಗಳಲ್ಲಿ, ಯುರೋಪ ಖಂಡದಲ್ಲಿ ಆಗ ಆಸ್ಟ್ರಿಯ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿದ್ದ ಹೈಂಜೆಂಡೋರ್ಫ್ ಎಂಬ ಚಿಕ್ಕ ಹಳ್ಳಿಯಲ್ಲಿ ಹುಟ್ಟಿದನು. ಆ ಸೀಮೆಯು ಈಗ ಚೆಕ್ ದೇಶಕ್ಕೆ ಸೇರಿದೆ. ತಂದೆತಾಯಿಗಳು ಅವನಿಗೆ ಯೋಹಾನ ಎಂದು ಹೆಸರಿಟ್ಟರು. ಗ್ರೆಗೋರ್ ಎಂಬದು ಅವನು ಮಠಕ್ಕೆ ಸೇರಿದ ಮೇಲೆ ಬಂದ ಹೆಸರು. ತಂದೆಯಾದ ಆಂಟೋನನಿಗೆ ಸ್ವಲ್ಪ ಹೊಲವಿತ್ತು. ಆದರೂ ವಾರದಲ್ಲಿ ೩ ದಿವಸ ಊರ ದೊರೆಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕಾಗಿತ್ತು. ಬಿಟ್ಟಿಚಾಕರಿಯ ನೊಗವು ಎಷ್ಟು ಭಾರವಾದದ್ದೆಂಬದನ್ನು ನಮ್ಮ ಸಭೆಗಳ ಹಿರಿಯರಿಗೆ ಹೇಳಬೇಕಾದದ್ದಿಲ್ಲ.

ಆ ಊರಿನ ಪಾದ್ರಿಯಾದ ಶ್ರೈಬರನು ಜನರಿಗೆ ಹಣ್ಣಿನ ಗಿಡಗಳನ್ನು ಬೆಳೆಸುವದನ್ನು ಕಲಿಸುತ್ತಿದ್ದನು. ಹುಡುಗನಾದ ಯೋಹಾನನೂ ತಂದೆಯ ಸಂಗಡ ತೋಟದಲ್ಲಿ ಕೆಲಸಮಾಡುತ್ತಾ, ಗಿಡಕ್ಕೆ ಕಸಿ ಕಟ್ಟುವದನ್ನು ಕಲಿತುಕೊಂಡನು. ಹುಡುಗನು ಬುದ್ಧಿವಂತನೆಂದು ಕಂಡು ಬೋಧಕರು ಅವನನ್ನು ದೂರದ ಪಟ್ಟಣದ ಶಾಲೆಗೆ ಕಳುಹಿಸಬೇಕೆಂದು ತಂದೆಯನ್ನು ಒಡಂಬಡಿಸಿದರು. ಒಬ್ಬನೇ ಮಗನು ಹೊಲ ಬಿಟ್ಟು ಹೋಗುವದು ತಂದೆಗೆ ಕಷ್ಟವೇ. ಆದರೂ ಅವನು ಒಪ್ಪಿದನು. ೧೮೩೪ರಲ್ಲಿ ಹುಡುಗನು ಟ್ರೊಪ್ಪೌ ಪಟ್ಟಣದ ದೊಡ್ಡ ಶಾಲೆಗೆ ಸೇರಿದಾಗ ತಂದೆತಾಯಿಗಳಿಗೆ ಅರ್ಧ ಊಟದ ಹಣವನ್ನು ಮಾತ್ರ ಕೊಡಲಿಕ್ಕೆ ಸಾಧ್ಯವಾಯಿತು.

೧೮೩೮ರಲ್ಲಿ ಮನೆಗೆ ದೊಡ್ಡ ಆಪತ್ತು ಬಂತು. ದೊರೆಯ ಬಿಟ್ಟಿಕೆಲಸದಲ್ಲಿದ್ದಾಗ ಮರದ ದಿಮ್ಮಿಯೊಂದು ತಂದೆಯ ಮೇಲೆ ಉರುಳಿತು. ಅವನು ಪ್ರಾಣದಿಂದ ಉಳಿದನಾದರೂ ಮುಂದೆ ಮೊದಲಿನಂತೆ ದುಡಿಯಲಾರದೆ ಹೋದನು. ಅಂದಿನಿಂದ ೧೬ ವರುಷದ ಹುಡುಗನು ಬೇರೆ ಮಕ್ಕಳಿಗೆ ಪಾಠ ಹೇಳಿ ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳಬೇಕಾಯಿತು. ಅನೇಕ ಸಾರಿ ಅವನು ದಣಿದು, ಅರೆಹೊಟ್ಟೆಯಿಂದ ಜಡ್ಡು ಬಿದ್ದು, ತಿಂಗಳುಗಟ್ಟಲೆ ಮನೆಯಲ್ಲಿ ಮಲಗಿದನು. ಕಡೆಗೆ ಓದು ನಿಂತೇಹೋಗುವ ಹಾಗಾದಾಗ ಅವನ ತಂಗಿಯಾದ ತೆರೇಸಿಯಳು ತನ್ನ ಮದುವೆಯ ಬಳುವಳಿಗೆಂದು ಇಟ್ಟಿದ್ದ ಆಸ್ತಿಯಲ್ಲಿ ಒಂದು ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಇದನ್ನು ಮೆಂಡೆಲನು ತನ್ನ ಜೀವಮಾನದಲ್ಲಿ ಮರೆಯಲಿಲ್ಲ. ಮುಂದೆ ಅವನು ಆ ತಂಗಿಯ ಮೂವರು ಗಂಡುಮಕ್ಕಳನ್ನು ಓದಿಸಿದನು. ಅವರಲ್ಲಿ ಇಬ್ಬರು ವೈದ್ಯರಾದರು.

೨. ಮಠವೂ ಸೋಲುಗಳೂ

೧೮೪೩ನೆಯ ಇಸವಿಯ ಅಕ್ಟೋಬರದಲ್ಲಿ ಅವನು ಬ್ರುನ್ ಪಟ್ಟಣದಲ್ಲಿದ್ದ ಸಂತ ತೋಮನ ಮಠಕ್ಕೆ ಸೇರಿದನು. ಈ ಪಟ್ಟಣಕ್ಕೆ ಈಗ ಬ್ರನೋ ಎಂದು ಹೆಸರು. ಆ ಮಠವು ರೋಮ ಸಭೆಗೆ ಸೇರಿದ್ದು. ಆ ಸಭೆಯ ಉಪದೇಶಗಳಲ್ಲಿ ಕೆಲವನ್ನು ನಾವು ಒಪ್ಪುವದಿಲ್ಲವೆಂಬದು ವಾಚಕರಿಗೆ ತಿಳಿದದ್ದೇ. ಆದರೂ ದೇವರ ಸೃಷ್ಟಿಯಲ್ಲಿ ಸತ್ಯವನ್ನು ತಾಳ್ಮೆಯಿಂದ ಹುಡುಕಿದ ಮನುಷ್ಯನಿಗೆ ಸಲ್ಲತಕ್ಕ ಮಾನವನ್ನು, ಅವನು ಬೇರೆ ಸಭೆಯವನೆಂದು ನಾವು ಹಿಡಿದಿಡುವದು ನ್ಯಾಯವಲ್ಲ.

೧೮೪೭ರಲ್ಲಿ ಅವನಿಗೆ ಪಾದ್ರಿ ದೀಕ್ಷೆಯಾಯಿತು. ಆದರೆ ರೋಗಿಗಳನ್ನೂ ಸಾಯುವವರನ್ನೂ ಸಂಧಿಸುವ ಕೆಲಸಕ್ಕೆ ಹೋದಾಗ, ಅವರ ಸಂಕಟವನ್ನು ನೋಡಲಾರದೆ ಅವನೇ ಜಡ್ಡು ಬಿದ್ದನು. ಮಠದ ಮುಖ್ಯಸ್ಥನಾದ ನಾಪ್ ಎಂಬವನು ಇದನ್ನು ತಿಳಿದು, ಅವನನ್ನು ೧೮೪೯ರಲ್ಲಿ ಶಾಲೆಯಲ್ಲಿ ಕಲಿಸುವದಕ್ಕೆ ಕಳುಹಿಸಿದನು. ಕಲಿಸುವದರಲ್ಲಿ ಮೆಂಡೆಲನು ಬಹಳ ಜಾಣನು. ಆದರೆ ಪೂರ್ಣ ಶಿಕ್ಷಕನಾಗಬೇಕಾದರೆ ಸರಕಾರದ ಪರೀಕ್ಷೆಯಲ್ಲಿ ಗೆಲ್ಲಬೇಕಾಗಿತ್ತು. ೧೮೫೦ರಲ್ಲಿ ಅವನು ಆ ಪರೀಕ್ಷೆಗೆ ಕೂತು ಸೋತನು. ಆಗ ನಾಪನು ಬೇಸರಗೊಳ್ಳದೆ ಅವನನ್ನು ವಿಯೆನ್ನ ಪಟ್ಟಣದ ವಿಶ್ವವಿದ್ಯಾಲಯಕ್ಕೆ ಕಳುಹಿಸಿದನು. ಅಲ್ಲಿ ೧೮೫೧ರಿಂದ ೧೮೫೩ರ ವರೆಗೆ ಅವನು ಡೊಪ್ಲರನಿಂದ ಭೌತಶಾಸ್ತ್ರವನ್ನೂ ಉಂಗರನಿಂದ ಸಸ್ಯಶಾಸ್ತ್ರವನ್ನೂ ಕಲಿತನು. ಹಿಂದಿರುಗಿ ಬಂದು ೧೮೫೬ರಲ್ಲಿ ಅದೇ ಪರೀಕ್ಷೆಗೆ ಮತ್ತೊಮ್ಮೆ ಹೋದನು. ಈ ಸಾರಿಯೂ ಗೆಲ್ಲಲಿಲ್ಲ. ಆದಕಾರಣ ೧೪ ವರುಷ ಅವನು ಬದಲಿ ಶಿಕ್ಷಕನಾಗಿಯೇ ಉಳಿದನು. ಪರೀಕ್ಷೆಯಲ್ಲಿ ಎರಡಾವರ್ತಿ ಬಿದ್ದ ಇವನೇ ಲೋಕದ ಪಂಡಿತರಿಗೆ ಗುರುವಾಗಬೇಕಾಗಿತ್ತು.

೩. ಬಟಾಣಿಯ ತೋಟ

ಮಠದ ಗೋಡೆಯ ಬದಿಯಲ್ಲಿ ೩೫ ಮೀಟರ್ ಉದ್ದ, ೭ ಮೀಟರ್ ಅಗಲದ ಒಂದು ಮಡಿಯಿತ್ತು. ಅಲ್ಲಿ ೧೮೫೬ರಿಂದ ೧೮೬೩ರ ವರೆಗೆ ಅವನು ಬಟಾಣಿಯನ್ನು ಬೆಳೆದನು. ಮೊದಲು ೩೪ ತಳಿಗಳ ಬೀಜಗಳನ್ನು ತರಿಸಿ, ಎರಡು ವರುಷ ಬಿತ್ತಿ ನೋಡಿ, ತಪ್ಪದೆ ತನ್ನಂಥದ್ದನ್ನೇ ಕೊಡುವ ೨೨ ತಳಿಗಳನ್ನು ಆರಿಸಿಕೊಂಡನು. ಬಟಾಣಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅದರ ಹೂವು ಮುಚ್ಚಿಕೊಂಡೇ ಇದ್ದು, ತನ್ನ ಪರಾಗವನ್ನು ತಾನೇ ತಕ್ಕೊಳ್ಳುವದು. ಹೊರಗಿನ ಪರಾಗವು ಸುಲಭವಾಗಿ ಒಳಗೆ ಹೋಗದು. ಮೆಂಡೆಲನು ಅರಳದ ಮೊಗ್ಗನ್ನು ಬಿಡಿಸಿ, ಒಳಗಿನ ಕೇಸರಗಳನ್ನು ಚಿಮಟಿಗೆಯಿಂದ ಕಿತ್ತುಹಾಕಿ, ಬೇರೊಂದು ತಳಿಯ ಪರಾಗವನ್ನು ಅಲ್ಲಿ ಹಚ್ಚಿ, ಹುಳಗಳು ಮುಟ್ಟದಂತೆ ಹೂವಿಗೆ ಚಿಕ್ಕ ಚೀಲವನ್ನು ಕಟ್ಟುತ್ತಿದ್ದನು. ಹೀಗೆ ಯಾವ ಬೀಜಕ್ಕೆ ಯಾವದು ತಂದೆ, ಯಾವದು ತಾಯಿ ಎಂಬದು ಅವನಿಗೆ ನಿಶ್ಚಯವಾಗಿ ತಿಳಿದಿತ್ತು.

ಅವನಿಗಿಂತ ಮೊದಲು ಗಿಡಗಳನ್ನು ಕೂಡಿಸಿದವರು ಅನೇಕರಿದ್ದರು. ಆದರೆ ಅವರು ಗಿಡವನ್ನು ಒಟ್ಟಾಗಿ ನೋಡಿ, ಇದು ತಂದೆಯಂತಿದೆ, ಅದು ತಾಯಿಯಂತಿದೆ ಎಂದು ಹೇಳಿ ಬಿಟ್ಟುಬಿಟ್ಟರು. ಮೆಂಡೆಲನು ೭ ಗುಣಗಳನ್ನು ಬೇರೆಬೇರೆಯಾಗಿ ಹಿಡಿದು, ಪ್ರತಿಯೊಂದನ್ನು ಎಣಿಸಿದನು. ಕಾಳು ದುಂಡಗಿದೆಯೋ ಸುಕ್ಕಾಗಿದೆಯೋ, ಹಳದಿಯೋ ಹಸುರೋ, ಗಿಡವು ಎತ್ತರವೋ ಗಿಡ್ಡವೋ ಎಂಬವು ಅವುಗಳಲ್ಲಿ ಕೆಲವು. ದುಂಡುಕಾಳಿನ ತಳಿಯನ್ನು ಸುಕ್ಕುಕಾಳಿನ ತಳಿಯೊಂದಿಗೆ ಕೂಡಿಸಿದಾಗ ಮೊದಲನೆಯ ಪೀಳಿಗೆಯ ಕಾಳುಗಳೆಲ್ಲಾ ದುಂಡಾಗಿಯೇ ಬಂದವು. ಸುಕ್ಕು ಕಾಣದೆಯೇ ಹೋಯಿತು. ಇಷ್ಟಕ್ಕೆ ನಿಲ್ಲಿಸಿದ್ದರೆ ಸುಕ್ಕಿನ ಗುಣವು ಸತ್ತೇಹೋಯಿತೆಂದು ಯಾರಾದರೂ ಹೇಳುತ್ತಿದ್ದರು. ಆದರೆ ಅವನು ಆ ದುಂಡುಕಾಳುಗಳನ್ನು ಮತ್ತೆ ಬಿತ್ತಿದನು. ಎರಡನೆಯ ಪೀಳಿಗೆಯಲ್ಲಿ ೭,೩೨೪ ಕಾಳುಗಳು ಬಂದವು. ಅವುಗಳಲ್ಲಿ ೫,೪೭೪ ದುಂಡಾಗಿಯೂ ೧,೮೫೦ ಸುಕ್ಕಾಗಿಯೂ ಇದ್ದವು. ಬಣ್ಣವನ್ನು ನೋಡಿದಾಗ ೮,೦೨೩ ಕಾಳುಗಳಲ್ಲಿ ೬,೦೨೨ ಹಳದಿ, ೨,೦೦೧ ಹಸುರು. ಏಳು ಗುಣಗಳಲ್ಲಿಯೂ ಲೆಕ್ಕವು ಒಂದೇ: ಮೂರಕ್ಕೆ ಒಂದರಂತೆ ಅಡಗಿದ್ದ ಗುಣವು ತಿರಿಗಿ ಹೊರಗೆ ಬಂತು.

ಇದರ ಅರ್ಥವೇನು? ತಂದೆತಾಯಿಗಳ ಗುಣಗಳು ಹಾಲಿನಲ್ಲಿ ನೀರು ಬೆರೆತಂತೆ ಬೆರೆತು ಹೋಗುವವೆಂದು ಅಂದಿನ ಬಹುಮಂದಿ ಪಂಡಿತರು ನೆನಸಿದ್ದರು. ಹಾಗಲ್ಲ, ಒಂದೇ ಚೀಲದಲ್ಲಿ ಜೋಳವನ್ನೂ ಕಡಲೆಯನ್ನೂ ಹಾಕಿದರೆ ಕಾಳುಗಳು ಕೂಡಿದರೂ ಜೋಳವು ಜೋಳವಾಗಿಯೂ ಕಡಲೆಯು ಕಡಲೆಯಾಗಿಯೂ ಉಳಿಯುವಂತೆಯೇ ಈ ಗುಣಗಳೂ ಉಳಿಯುವವೆಂದು ಮೆಂಡೆಲನು ತೋರಿಸಿದನು. ಪ್ರತಿಯೊಂದು ಗುಣಕ್ಕೆ ಗಿಡದಲ್ಲಿ ಎರಡು ಪಾಲುಗಳಿರುತ್ತವೆ. ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಆ ಗಿಡವು ತಾನು ಸಂತಾನವನ್ನು ಹುಟ್ಟಿಸುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡುವದು. ಎರಡು ಪಾಲುಗಳಲ್ಲಿ ಒಂದು ದುಂಡಿನದು, ಒಂದು ಸುಕ್ಕಿನದು ಆದರೆ ದುಂಡು ಮೇಲಾಗಿ ಕಾಣುವದು, ಸುಕ್ಕು ಅಡಗಿರುವದು. ಎರಡೂ ಕಡೆಯಿಂದ ಸುಕ್ಕಿನ ಪಾಲೇ ಬಂದು ಕೂಡಿದಾಗ ಮಾತ್ರ ಕಾಳು ಸುಕ್ಕಾಗುವದು. ಮರೆಯಾದದ್ದು ಇಲ್ಲದೆ ಹೋಗಲಿಲ್ಲ. ಅಜ್ಜನ ಮುಖವು ಮೊಮ್ಮಗನಲ್ಲಿ ಕಾಣುವದಕ್ಕೂ ಹೀಗೆ ಅಡಗಿ ಬರುವ ಪಾಲುಗಳೇ ಕಾರಣ. ಇನ್ನೊಂದು ಮುಖ್ಯ ಸಂಗತಿಯೂ ಇದರಿಂದ ತಿಳಿದುಬಂತು. ಗುಣವು ತಂದೆಯ ಕಡೆಯಿಂದ ಬಂದರೂ ತಾಯಿಯ ಕಡೆಯಿಂದ ಬಂದರೂ ಫಲವು ಒಂದೇ ಆಗಿತ್ತು. ಗಂಡು ಬೀಜ, ಹೆಣ್ಣು ಬರೀ ಹೊಲ ಎಂಬ ನಮ್ಮ ನಾಡಿನ ಹಳೇ ಮಾತು ಸುಳ್ಳು; ಬೀಜದಲ್ಲಿ ಇಬ್ಬರಿಗೂ ಸಮಪಾಲು.

೪. ಕೇಳುವವರಿಲ್ಲದ ಮಾತು

ಮೆಂಡೆಲನು ೧೮೬೫ರ ಫೆಬ್ರವರಿ ೮ರಲ್ಲಿಯೂ ಮಾರ್ಚ್ ೮ರಲ್ಲಿಯೂ ಬ್ರುನ್ ಪಟ್ಟಣದ ಪಂಡಿತರ ಸಂಘದ ಮುಂದೆ ತನ್ನ ಕೆಲಸವನ್ನು ಓದಿ ತಿಳಿಸಿದನು. ಮರುವರುಷ ಅದು ಅಚ್ಚಾಯಿತು. ಅವನು ಅದರ ೪೦ ಪ್ರತಿಗಳನ್ನು ತೆಗೆಸಿಕೊಂಡು ದೂರದ ಪಂಡಿತರಿಗೆ ಕಳುಹಿಸಿದನು. ಅದರ ಬೆಲೆಯನ್ನು ತಿಳಿದವರು ಇಲ್ಲ. ಮ್ಯೂನಿಕ್ ಪಟ್ಟಣದಲ್ಲಿದ್ದ ನೇಗೆಲಿ ಎಂಬ ಹೆಸರುವಾಸಿಯಾದ ಸಸ್ಯಶಾಸ್ತ್ರಿಯು ಅವನಿಗೆ ಪತ್ರ ಬರೆದನಾದರೂ ಅವನ ಲೆಕ್ಕವನ್ನು ನಂಬದೆ, ಹಾಕ್‌ವೀಡ್ ಎಂಬ ಬೇರೊಂದು ಕಾಡುಗಿಡದ ಮೇಲೆ ಕೆಲಸಮಾಡುವದಕ್ಕೆ ಅವನನ್ನು ಪ್ರೋತ್ಸಾಹಿಸಿದನು. ಆ ಗಿಡದಲ್ಲಿ ಅನೇಕ ಸಾರಿ ಗಂಡು ಪರಾಗವಿಲ್ಲದೆಯೇ ಬೀಜ ಕಟ್ಟುವದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆದದರಿಂದ ಮೆಂಡೆಲನಿಗೆ ಅಲ್ಲಿ ತನ್ನ ನಿಯಮವು ಕಾಣಲಿಲ್ಲ. ಸಣ್ಣ ಹೂವುಗಳನ್ನು ಬಿಡಿಸಿ ಬಿಡಿಸಿ ಅವನ ಕಣ್ಣುಗಳು ಮಾತ್ರ ಕೆಟ್ಟವು.

೧೮೬೮ರಲ್ಲಿ ಅವನು ಮಠದ ಮುಖ್ಯಸ್ಥನಾಗಿ ಆರಿಸಲ್ಪಟ್ಟನು. ಅಂದಿನಿಂದ ತೋಟಕ್ಕೆ ಸಮಯವು ಕಡಿಮೆಯಾಯಿತು. ಆದರೂ ಜೇನುಹುಳಗಳನ್ನು ಸಾಕುವದನ್ನೂ, ದಿನದಿನದ ಮಳೆಗಾಳಿಗಳ ಲೆಕ್ಕವನ್ನು ಬರೆದಿಡುವದನ್ನೂ ಅವನು ಬಿಡಲಿಲ್ಲ. ೧೮೭೪ರಲ್ಲಿ ಸರಕಾರವು ಮಠಗಳ ಆಸ್ತಿಯ ಮೇಲೆ ಹೊಸ ತೆರಿಗೆಯನ್ನು ಹೊರಿಸಿತು. ಅದು ಅನ್ಯಾಯವೆಂದು ಅವನು ಹಟಹಿಡಿದು ಕೊಡದೆ ಇದ್ದದರಿಂದ ಅವನ ಕಡೇ ವರುಷಗಳು ಆ ಜಗಳದಲ್ಲಿಯೇ ಕಳೆದವು. ಮೂತ್ರಪಿಂಡದ ರೋಗದಿಂದ ಬಳಲಿ ೧೮೮೪ನೆಯ ಇಸವಿಯ ಜನವರಿ ೬ರಲ್ಲಿ ಅವನು ತೀರಿಹೋದನು. ಬಡವರು ತಮಗೆ ಸಹಾಯಮಾಡಿದವನನ್ನು ಕಳಕೊಂಡೆವೆಂದು ಅತ್ತರು. ಆದರೆ ಲೋಕವು ಎಂಥ ಮನುಷ್ಯನನ್ನು ಕಳಕೊಂಡಿತೆಂದು ಆ ಸಮಾಧಿಯ ಬಳಿಯಲ್ಲಿ ನಿಂತವರಿಗೆ ತಿಳಿದಿರಲಿಲ್ಲ. ಅವನ ಕಾಗದಪತ್ರಗಳಲ್ಲಿ ಬಹಳವು ಸುಡಲ್ಪಟ್ಟವು.

೫. ಮೊಳೆತ ಬೀಜ

೧೯೦೦ನೆಯ ಇಸವಿಯಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯದ ಚೆರ್ಮಾಕ್ ಎಂಬ ಮೂವರು, ಒಬ್ಬರೊಬ್ಬರ ಕೆಲಸವನ್ನರಿಯದೆ ಗಿಡಗಳನ್ನು ಕೂಡಿಸಿ, ಅದೇ ಲೆಕ್ಕಕ್ಕೆ ಬಂದು ಮುಟ್ಟಿದರು. ಹಳೇ ಪುಸ್ತಕಗಳನ್ನು ತೆರೆದು ನೋಡಿದಾಗ, ೩೪ ವರುಷಗಳ ಹಿಂದೆಯೇ ಒಬ್ಬ ಮಠವಾಸಿಯು ಅದನ್ನೆಲ್ಲಾ ಬರೆದು ಅಚ್ಚುಮಾಡಿಸಿದ್ದನೆಂದು ಕಂಡುಬಂತು. ನೆಲದಲ್ಲಿ ಹೂತಿದ್ದ ಕಾಳು ಈಗ ಮೊಳೆಯಿತು.

ಮುಂದಿನ ಸಂಗತಿಗಳು ಬೇಗಬೇಗನೆ ನಡೆದವು. ಮೆಂಡೆಲನು ಹೇಳಿದ ಪಾಲಿಗೆ ೧೯೦೯ರಲ್ಲಿ ಡೆನ್ಮಾರ್ಕಿನ ಯೊಹಾನ್ಸೆನನು ಜೀನು ಎಂದು ಹೆಸರಿಟ್ಟನು. ನಮ್ಮ ಶರೀರವು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಪ್ರತಿಯೊಂದು ಕೋಶದಲ್ಲಿ ನೂಲಿನಂಥ ಎಳೆಗಳಿವೆ. ಅವುಗಳಿಗೆ ವರ್ಣತಂತುಗಳೆಂದು ಹೆಸರು. ಈ ಎಳೆಗಳ ಮೇಲೆ, ದಾರದಲ್ಲಿ ಪೋಣಿಸಿದ ಮಣಿಗಳಂತೆ, ಜೀನುಗಳು ಸಾಲಾಗಿ ಇರುತ್ತವೆಂದು ಅಮೆರಿಕದ ಮೋರ್ಗನನು ೧೯೧೦ರಿಂದ ಹಣ್ಣಿನ ನೊಣಗಳನ್ನು ಸಾಕಿ ತೋರಿಸಿದನು. ಜೀನುಗಳು ಡಿಎನ್‌ಎ ಎಂಬ ಪದಾರ್ಥದಿಂದ ಆದವುಗಳೆಂದು ೧೯೪೪ರಲ್ಲಿ ಏವರಿ ಮೊದಲಾದವರು ಕಂಡುಕೊಂಡರು. ಅದು ತಿರುಚಿದ ಏಣಿಯಂತಿದೆ ಎಂದು ೧೯೫೩ರಲ್ಲಿ ವಾಟ್ಸನನೂ ಕ್ರಿಕ್ಕನೂ ತಿಳಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ಸ್ತ್ರೀಯು ಎಕ್ಸ್‌ರೇಯಿಂದ ತೆಗೆದ ಚಿತ್ರಗಳು ಇದಕ್ಕೆ ದೊಡ್ಡ ಆಧಾರವಾದವು. ಆ ಏಣಿಯ ಬರಹವನ್ನು ಓದುವ ರೀತಿಯನ್ನು ತಿಳಿಸಿದ್ದಕ್ಕಾಗಿ ೧೯೬೮ರಲ್ಲಿ ನೊಬೆಲ್ ಬಹುಮಾನವನ್ನು ಹೊಂದಿದ ಮೂವರಲ್ಲಿ ಒಬ್ಬನಾದ ಹರಗೋಬಿಂದ ಖೊರಾನನು ಪಂಜಾಬದ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದವನು. ೨೦೦೩ರಲ್ಲಿ ಮನುಷ್ಯನ ಜೀನುಗಳ ಬರಹವನ್ನೆಲ್ಲಾ ಓದುವ ದೊಡ್ಡ ಕೆಲಸವು ಮುಗಿಯಿತೆಂದು ಸಾರಲ್ಪಟ್ಟಿತು.

ನಮ್ಮ ಹೊಲಗಳಿಗೂ ಈ ವಿದ್ಯೆಯು ಬಂದು ಮುಟ್ಟಿದೆ. ೧೯೬೪ರಲ್ಲಿ ಈ ದೇಶದ ಮೊದಲನೆಯ ಹೈಬ್ರಿಡ್ ಜೋಳವು ಒಕ್ಕಲಿಗರ ಕೈಗೆ ಬಂತು. ೧೯೭೨ರಲ್ಲಿ ಧಾರವಾಡದಲ್ಲಿ ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ತಳಿಯನ್ನು ಮಾಡಿದರು. ಹೈಬ್ರಿಡ್ ಬೆಳೆಯ ಕಾಳನ್ನೇ ಬೀಜಕ್ಕೆಂದು ತೆಗೆದಿಟ್ಟು ಬಿತ್ತಿದವರು, ಮರುವರುಷ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದು ತೆನೆ ದೊಡ್ಡದು, ಒಂದು ಚಿಕ್ಕದು ಆಗಿ ಬಂದದ್ದನ್ನು ನೋಡಿ, ಬೀಜವು ಕೆಟ್ಟುಹೋಯಿತೆಂದು ಹೇಳುವದುಂಟು. ಬೀಜವು ಕೆಡಲಿಲ್ಲ. ಮೊದಲನೆಯ ಪೀಳಿಗೆಯಲ್ಲಿ ಅಡಗಿದ್ದ ಪಾಲುಗಳು ಎರಡನೆಯ ಪೀಳಿಗೆಯಲ್ಲಿ ಬೇರೆಬೇರೆಯಾಗಿ ಹೊರಗೆ ಬಂದವು, ಅಷ್ಟೇ. ಮೆಂಡೆಲನ ಸುಕ್ಕುಕಾಳು ತಿರಿಗಿ ಬಂದದ್ದಕ್ಕೂ ಇದಕ್ಕೂ ಕಾರಣವೊಂದೇ.

೬. ನಮ್ಮ ಮನೆಗಳಿಗೆ ಬರುವ ಪಾಠ

ಈಗ ಮೊದಲು ಹೇಳಿದ ಅಪವಾದದ ಮಾತಿಗೆ ಬರೋಣ. ಹೆಣ್ಣು ಕೂಸುಗಳೇ ಹುಟ್ಟಿದರೆ ಹೆಂಡತಿಯನ್ನು ಬೈದು ಹೊಡೆಯುವದೂ, ತೌರುಮನೆಗೆ ಅಟ್ಟಿ ಎರಡನೆಯವಳನ್ನು ಹುಡುಕುವದೂ ನಮ್ಮ ಸೀಮೆಯಲ್ಲಿ ನಡೆದ ಕೆಲಸಗಳೇ. ಕ್ರೈಸ್ತರೆನ್ನಿಸಿಕೊಳ್ಳುವ ಮನೆಗಳೂ ಇದರಿಂದ ಪೂರ್ಣವಾಗಿ ಶುದ್ಧವಾಗಿಲ್ಲವೆಂದು ದುಃಖದಿಂದ ಹೇಳಬೇಕು. ೧೯೦೫ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಸ್ತ್ರೀಯು ಹಿಟ್ಟಿನಲ್ಲಿ ಬೀಳುವ ಒಂದು ಹುಳವನ್ನು ಪರೀಕ್ಷಿಸಿ, ಗಂಡುಹೆಣ್ಣುಗಳ ಭೇದವು ವರ್ಣತಂತುಗಳಿಂದ ಆಗುವದೆಂದು ತೋರಿಸಿದಳು. ಮನುಷ್ಯರಲ್ಲಿಯೂ ಹಾಗೆಯೇ. ಮನುಷ್ಯನಿಗೆ ೪೬ ವರ್ಣತಂತುಗಳುಂಟು. ೨೩ ತಂದೆಯಿಂದ, ೨೩ ತಾಯಿಯಿಂದ. ಅವುಗಳಲ್ಲಿ ಗಂಡುಹೆಣ್ಣನ್ನು ನಿರ್ಣಯಿಸುವದು ಒಂದು ಜೊತೆ. ತಾಯಿಯು ಯಾವಾಗಲೂ ಎಕ್ಸ್ ಎಂಬ ಎಳೆಯನ್ನೇ ಕೊಡುವಳು, ಯಾಕಂದರೆ ಅವಳಲ್ಲಿರುವ ಎರಡೂ ಎಕ್ಸ್‌ಗಳೇ. ತಂದೆಯಲ್ಲಿ ಎಕ್ಸ್ ಒಂದು, ವೈ ಒಂದು. ಅವನಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೀಗಿರಲಾಗಿ ಹೆಣ್ಣು ಹುಟ್ಟಿತೆಂದು ತಾಯಿಯನ್ನು ನಿಂದಿಸುವದು ಪಾಪವಲ್ಲದೆ ಮೂಢತನವೂ ಆಗಿದೆ. ತಂದೆಯದೂ ತಪ್ಪಲ್ಲ, ಅದು ಅವನ ಇಚ್ಛೆಯಿಂದ ಆಗುವದಲ್ಲ. ಹೆಣ್ಣು ಕೂಸು ಶಿಕ್ಷೆಯೂ ಅಲ್ಲ, ದೇವರು ಕೊಟ್ಟ ಬಾಧ್ಯತೆ.

ಎರಡನೆಯದಾಗಿ, ಗಟ್ಟಿಮುಟ್ಟಾದ ತಂದೆತಾಯಿಗಳಿಗೆ ಕಿವುಡ ಮಗುವಾಗಲಿ, ತಿಂಗಳು ತಿಂಗಳು ರಕ್ತವನ್ನು ಕೊಡಿಸಬೇಕಾಗುವ ಥಲಸ್ಸೀಮಿಯಾ ರೋಗದ ಮಗುವಾಗಲಿ ಹುಟ್ಟುವದುಂಟು. ಆಗ ಊರವರು ತಾಯಿಯ ಕಾಲ್ಗುಣವೆಂದೂ, ಹಿಂದಿನ ಜನ್ಮದ ಕರ್ಮವೆಂದೂ, ಯಾರದೋ ಶಾಪವೆಂದೂ ಹೇಳುತ್ತಾರೆ. ಕಿವುಡುತನಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಅನೇಕರಲ್ಲಿ ಅದು ಮೆಂಡೆಲನ ಸುಕ್ಕುಕಾಳಿನಂತೆ ಅಡಗಿ ಬಂದ ಪಾಲಿನಿಂದ ಆಗುವದು. ಥಲಸ್ಸೀಮಿಯಾ ರೋಗವು ಹಾಗೆಯೇ ಬರುವದು. ತಂದೆಯಲ್ಲಿ ಒಂದು ಕೆಟ್ಟ ಪಾಲು ಅಡಗಿದ್ದು, ತಾಯಿಯಲ್ಲಿಯೂ ಅದೇ ಪಾಲು ಅಡಗಿದ್ದರೆ, ಪ್ರತಿಯೊಂದು ಮಗುವಿಗೆ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ಇದು ಇಬ್ಬರಿಂದಲೂ ಬರುವದು, ತಾಯೊಬ್ಬಳಿಂದಲ್ಲ. ಲಂಡನಿನ ವೈದ್ಯನಾದ ಗ್ಯಾರಡನು ೧೯೦೨ರಲ್ಲಿ, ಮೂತ್ರವು ಕಪ್ಪಾಗುವ ಒಂದು ಅಪರೂಪದ ರೋಗವನ್ನು ಕುರಿತು ಬರೆದಾಗ, ಹತ್ತಿರದ ಸಂಬಂಧಿಕರು ಮದುವೆಯಾದ ಮನೆಗಳಲ್ಲಿ ಅದು ಹೆಚ್ಚಾಗಿ ಕಾಣುವದನ್ನು ತಿಳಿಸಿದನು. ಯಾಕಂದರೆ ಒಂದೇ ಅಜ್ಜನಿಂದ ಬಂದ ಅಡಗಿದ ಪಾಲು ಇಬ್ಬರಲ್ಲಿಯೂ ಇರಬಹುದು.

ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವದೂ, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವದೂ ಹಳೇ ವಾಡಿಕೆ. ಸೋದರಮಾವನಿಗೂ ಅಕ್ಕನ ಮಗಳಿಗೂ ಒಂದೇ ಮೂಲದಿಂದ ಬಂದ ಜೀನುಗಳು ಸರಾಸರಿ ನಾಲ್ಕರಲ್ಲಿ ಒಂದು ಪಾಲು ಇರುತ್ತವೆ. ಅತ್ತೆಮಾವಂದಿರ ಮಕ್ಕಳಲ್ಲಿ ಎಂಟರಲ್ಲಿ ಒಂದು ಪಾಲು. ಇಂಥ ಮದುವೆಯಾದವರೆಲ್ಲರಿಗೂ ರೋಗದ ಮಕ್ಕಳು ಹುಟ್ಟುವರೆಂದಲ್ಲ. ಬಹಳ ಜನರಿಗೆ ಆರೋಗ್ಯವುಳ್ಳ ಮಕ್ಕಳೇ ಇದ್ದಾರೆ. ಆದರೆ ಅಪಾಯವು ಹೆಚ್ಚು. ಹೊಲ ಹೊರಗೆ ಹೋಗಬಾರದೆಂದೂ, ವರದಕ್ಷಿಣೆಯು ಉಳಿಯುವದೆಂದೂ ಹೆಣ್ಣನ್ನು ಒಳಗೊಳಗೇ ಕೊಡುವ ತಂದೆಗಳು ಇದನ್ನು ಯೋಚಿಸಲಿ. ವಿಶೇಷವಾಗಿ ವಂಶದಲ್ಲಿ ಅಂಥ ಮಗುವು ಈ ಮೊದಲೇ ಹುಟ್ಟಿದ್ದರೆ, ಮಾತು ಮುರಿಯುವ ಮುಂಚೆ ದೊಡ್ಡ ಆಸ್ಪತ್ರೆಯ ವೈದ್ಯರನ್ನು ಕೇಳುವದು ಒಳ್ಳೇದು. ಈಗಾಗಲೇ ಅಂಥ ಮಗುವನ್ನು ಪಡೆದವರನ್ನು ಸಭೆಯವರು ದೂರವಿಡದೆ ಹತ್ತಿರ ತಕ್ಕೊಳ್ಳಲಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಯಾರ ಪಾಪವೆಂದು ಕೇಳಿದಾಗ, ಕರ್ತನು ಅವನ ಮೇಲಾಗಲಿ ಅವನ ತಂದೆತಾಯಿಗಳ ಮೇಲಾಗಲಿ ಅದನ್ನು ಹೊರಿಸಲಿಲ್ಲವೆಂಬದನ್ನು ನಾವು ಮರೆಯಬಾರದು.

ಕಡೆಯದಾಗಿ ಒಂದು ಎಚ್ಚರಿಕೆ. ಈ ವಿದ್ಯೆಯನ್ನು ಕೆಟ್ಟ ಕೆಲಸಕ್ಕೆ ತಿರುಗಿಸಿದವರೂ ಇದ್ದಾರೆ. ೧೯೩೩ರಲ್ಲಿ ಜರ್ಮನಿಯ ಸರಕಾರವು ಕೆಲವರ ರಕ್ತವು ಕೀಳೆಂದು ಸಾರಿ, ಕಾನೂನು ಮಾಡಿ, ಮುಂದಿನ ವರುಷಗಳಲ್ಲಿ ಸುಮಾರು ೪ ಲಕ್ಷ ಜನರಿಗೆ ಮಕ್ಕಳಾಗದಂತೆ ಬಲವಂತದಿಂದ ಶಸ್ತ್ರಚಿಕಿತ್ಸೆ ಮಾಡಿಸಿತು. ಹುಟ್ಟಿನಿಂದ ಮೇಲು ಕೀಳು ಎಂಬ ಮಾತನ್ನು ನಾವು ತಲೆತಲಾಂತರದಿಂದ ಕೇಳಿದವರು. ಅದು ವಿಜ್ಞಾನದ ಅಂಗಿ ತೊಟ್ಟು ಬಂದರೂ ಅದನ್ನು ಗುರುತಿಸಬೇಕು. ಮೆಂಡೆಲನ ಲೆಕ್ಕದಲ್ಲಿ ಮೇಲಾಗಿ ಕಂಡ ಗುಣವೆಂದರೆ ಶ್ರೇಷ್ಠವಾದ ಗುಣವೆಂದಲ್ಲ, ಅಡಗಿದ ಗುಣವೆಂದರೆ ಹೀನವಾದದ್ದೆಂದಲ್ಲ. ಅಡಗಿದ ಪಾಲುಗಳಿಲ್ಲದ ಮನುಷ್ಯನು ಯಾವ ಕೇರಿಯಲ್ಲಿಯೂ ಇಲ್ಲ. ಗೌಡನ ಮನೆಯಲ್ಲಿಯೂ ಹೊಲಗೇರಿಯಲ್ಲಿಯೂ ಕೂಸು ಹುಟ್ಟುವ ನಿಯಮವು ಒಂದೇ.

ಮೆಂಡೆಲನು ಬಿಟ್ಟಿ ದುಡಿದ ತಂದೆಯ ಮಗನು, ತಂಗಿಯ ಬಳುವಳಿಯಿಂದ ಓದಿದವನು, ಎರಡಾವರ್ತಿ ಪರೀಕ್ಷೆಯಲ್ಲಿ ಬಿದ್ದವನು, ಮಾತು ಕೇಳುವವರಿಲ್ಲದೆ ಸತ್ತವನು. ಆದರೂ ಅವನು ಒಂದೊಂದೇ ಕಾಳನ್ನು ಎಣಿಸುವದನ್ನು ಬೇಸರದಿಂದ ಬಿಡಲಿಲ್ಲ; ಎಣಿಸಿದ್ದನ್ನು ಇದ್ದಂತೆಯೇ ಬರೆದಿಟ್ಟನು. ಅವನ ಎಣಿಕೆಯಿಂದ ಇಂದು ಎಷ್ಟೋ ಹೊಲಗಳು ಹೆಚ್ಚು ಬೆಳೆಯುತ್ತವೆ. ಅದರಿಂದ ಎಷ್ಟೋ ತಾಯಂದಿರ ತಲೆಯ ಮೇಲಿನ ನಿಂದೆಯೂ ಇಳಿಯಬೇಕು. ಇದನ್ನು ಓದಿದವರು ಓದಲಾರದ ನೆರೆಯವರಿಗೂ, ಮುಖ್ಯವಾಗಿ ಮನೆಯ ಅತ್ತೆಯಂದಿರಿಗೂ ಓದಿ ಹೇಳಲಿ.